ಆಸ್ಪತ್ರೆಯ ಜಾಲತಾಣಕ್ಕೆ ಎಷ್ಟು ನಮೂನೆ ಬೇಕು?

ಗುಜರಾತಿನ ದೊಡ್ಡ ಆಸ್ಪತ್ರೆಗಳ ಬಾಗಿಲಲ್ಲಿ ಒಂದು ಕಿಟಕಿ, ಅದರ ಮೇಲೆ ‘ಪೂಛಪರಛ’ ಎಂಬ ಫಲಕ. ವಿಚಾರಣೆ ಎಂದರ್ಥ. ವಡೋದರಾದ ಒಂದು ಆಸ್ಪತ್ರೆಯಲ್ಲಿ ನಮ್ಮ ಮಾವನವರನ್ನು ಬೆಂಚಿನ ಮೇಲೆ ಕೂರಿಸಿ, ಆ ಕಿಟಕಿಯ ಮುಂದೆ ಒಂದು ಮಂಗಳವಾರ ಬೆಳಗ್ಗೆ ಬೆಪ್ಪನಂತೆ ನಿಂತಿದ್ದೆ. ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದವರಿಗೆ ಕಿಡ್ನಿ ಡಾಕ್ಟರ ಹತ್ತಿರ ಒಮ್ಮೆ ತೋರಿಸಬೇಕಿತ್ತು. ಜಾಲತಾಣದಲ್ಲಿ ಡಾಕ್ಟರ ಪುಟ ನೋಡಿಕೊಂಡೇ ಹೊರಟಿದ್ದೆ: ಮಂಗಳವಾರ, ಹತ್ತರಿಂದ ಒಂದು. ಕಿಟಕಿಯೊಳಗಿದ್ದ ಬೆನ್, ಅಂದರೆ ಅಕ್ಕ, ತಲೆಯೆತ್ತದೆ ಹೇಳಿದರು: “ಅವರು ಗುರುವಾರ ಬರುವುದಕ್ಕೆ ಶುರುಮಾಡಿ ಆರು ತಿಂಗಳಾಯಿತು ಭಾಯ್.”

ಮನೆಗೆ ಬಂದು ಆ ಜಾಲತಾಣವನ್ನು ಜಾಲಾಡಿದೆ. ವಿಭಾಗದ ಪುಟದಲ್ಲಿ ಗುರುವಾರ ಎಂದೇ ಇತ್ತು. ಡಾಕ್ಟರ ಪುಟದಲ್ಲಿ ಮಂಗಳವಾರ. ‘ಒಪಿಡಿ ವೇಳಾಪಟ್ಟಿ’ ಎಂಬ ಪಿಡಿಎಫ್‌ನಲ್ಲಿ ಶುಕ್ರವಾರ, ಅದು ಇನ್ನೂ ಹಳೆಯ ಕಾಲದ್ದು. “ಬಿಡಪ್ಪ, ಗುರುವಾರ ಹೋದರಾಯ್ತು” ಎಂದು ಮಾವನವರು ಪೇಪರು ಹಿಡಿದು ಕೂತರು. ಜಾಲತಾಣ ಕಟ್ಟುವುದೇ ನನ್ನ ಕಸುಬಾದ್ದರಿಂದ ನನಗೆ ಬಿಡಲಾಗಲಿಲ್ಲ. ಅಲ್ಲಿ ಯಾರೂ ಸೋಮಾರಿತನ ಮಾಡಿರಲಿಲ್ಲ. ದಿನ ಬದಲಾದಾಗ ಯಾರೋ ನೆನಪಿಟ್ಟು ವಿಭಾಗದ ಪುಟ ತಿದ್ದಿದ್ದರು. ಒಂದೇ ಸಂಗತಿಯನ್ನು ಮೂರು ಕಡೆ ಕೈಯಿಂದ ಬರೆಯಬೇಕಾಗುವಂತೆ ಜಾಲತಾಣ ಕಟ್ಟಿದವನು ಮಾಡಿಟ್ಟಿದ್ದ. ತಪ್ಪು ಅವನದು, ಅಂದರೆ ನನ್ನಂಥವರದು.

ಡ್ರೂಪಲ್, ವರ್ಡ್‌ಪ್ರೆಸ್‌ನಂಥ ತಂತ್ರಾಂಶಗಳಲ್ಲಿ ‘ಕಂಟೆಂಟ್ ಟೈಪ್’ ಎಂಬ ಮಾತು ಬರುತ್ತದೆ. ಹೆಸರು ಭಾರಿಯಾದರೂ ಸಂಗತಿ ನಮಗೆ ಗೊತ್ತಿರುವುದೇ: ಕಾಲಂಗಳಿರುವ ಖಾಲಿ ನಮೂನೆ. ಬಗರ್ ಹುಕುಂ ಅರ್ಜಿಗೆ ನಮೂನೆ 57 ಇರುವ ಹಾಗೆ. ಪಹಣಿಯಲ್ಲಿ ಸರ್ವೆ ನಂಬರಿಗೊಂದು ಕಾಲಂ, ಖಾತೆದಾರನಿಗೊಂದು, ಬೆಳೆಗೊಂದು ಇರುವ ಹಾಗೆ; ಗುಜರಾತಿಗಳು ಆ ಹಾಳೆಯನ್ನೇ ‘ಸಾತ್-ಬಾರ್’ ಎನ್ನುತ್ತಾರೆ. ಆಸ್ಪತ್ರೆಗಂತೂ ನಮೂನೆ ಹೊಸದಲ್ಲ. ನಾವು ‘ಚೀಟಿ ಮಾಡಿಸೋದು’ ಎನ್ನುವುದಕ್ಕೆ ಇಲ್ಲಿ ‘ಕೇಸ್ ಕಢಾವವೋ’ ಎನ್ನುತ್ತಾರೆ. ಕೇಸ್ ಪೇಪರ್ ಬೇರೆ, ರಕ್ತ ಪರೀಕ್ಷೆಯ ಹಾಳೆ ಬೇರೆ, ಡಿಸ್ಚಾರ್ಜ್ ಕಾರ್ಡ್ ಬೇರೆ. ಮೂರನ್ನೂ ಬಿಳಿ ಹಾಳೆಯ ಮೇಲೆ ‘ವಿವರ’ ಎಂಬ ಒಂದೇ ತಲೆಬರಹದ ಕೆಳಗೆ ಬರೆಯಿರಿ ಎಂದು ಯಾವ ಸೂಪರಿಂಟೆಂಡೆಂಟರೂ ಹೇಳುವುದಿಲ್ಲ. ಜಾಲತಾಣದ ಮುಂದೆ ಕೂತಾಗ ಮಾತ್ರ ನಾವು ಅದನ್ನೇ ಮಾಡುತ್ತೇವೆ.

ಅದಕ್ಕೆ ಕಾರಣವೂ ಉಂಟು. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಹೊರತಂದ ಡ್ರೂಪಲ್ ಆಗಲಿ, 2003ರಲ್ಲಿ ಬಂದ ವರ್ಡ್‌ಪ್ರೆಸ್ ಆಗಲಿ ಕಾಸಿಲ್ಲದೆ ಸಿಗುತ್ತವೆ. ಸಣ್ಣ ನರ್ಸಿಂಗ್ ಹೋಮ್ ಕೂಡ ಹಾಕಿಕೊಳ್ಳಬಹುದು. ಆದರೆ ಡ್ರೂಪಲ್ ಹಾಕಿಕೊಂಡ ದಿನ ಕೈಗೆ ಸಿಗುವುದು ಎರಡೇ ನಮೂನೆ: ‘ಲೇಖನ’ ಮತ್ತು ‘ಸಾದಾ ಪುಟ’. ವರ್ಡ್‌ಪ್ರೆಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೇಕಾದ ನಮೂನೆ ಸೇರಿಸಿಕೊಳ್ಳಲು 2010ರ 3.0 ಆವೃತ್ತಿಯಿಂದ ಸುಲಭದ ದಾರಿಯಾಗಿದೆ. ಆತುರಕ್ಕೆ ಬಿದ್ದವರು ಡಾಕ್ಟರನ್ನೂ ಸಾದಾ ಪುಟ ಮಾಡುತ್ತಾರೆ, ವಿಭಾಗವನ್ನೂ, ಊಟದ ಕ್ಯಾಂಟೀನನ್ನೂ. ಹೆಸರು, ದಿನ, ವೇಳೆ ಎಲ್ಲವೂ ಒಂದೇ ದೊಡ್ಡ ಡಬ್ಬಿಯಲ್ಲಿ ಅನ್ನ ಸಾರು ಕಲಸಿದ ಹಾಗೆ. ಕಲಸಿದ ಮೇಲೆ ‘ಗುರುವಾರ ಯಾವ ಡಾಕ್ಟರು ಇರುತ್ತಾರೆ’ ಎಂದು ಕೇಳಿದರೆ ಯಂತ್ರಕ್ಕೆ ಉತ್ತರ ಹೆಕ್ಕಲು ಬರುವುದಿಲ್ಲ.

ಹಾಗಾದರೆ ಯಾವುದಕ್ಕೆ ಬೇರೆ ನಮೂನೆ ಬೇಕು? ನಾನು ಮೂರು ಸಂಗತಿ ನೋಡುತ್ತೇನೆ. ಅದರ ಕಾಲಂಗಳು ಬೇರೆಯೇ? ಬೇರೆ ಪುಟಗಳು ಅದರತ್ತ ಕೈ ತೋರಿಸಬೇಕೇ? ಅದನ್ನು ತಿದ್ದುವವರು ಬೇರೆಯೇ? ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಡ್ರೂಪಲ್‌ನಲ್ಲಿ ಯಾರು ಏನು ತಿದ್ದಬಹುದು ಎಂಬ ಅನುಮತಿಯನ್ನು ಕೊಡುವುದು ನಮೂನೆಯ ಲೆಕ್ಕದಲ್ಲಿ. ‘ಒಪಿಡಿ ವೇಳೆ’ ಎಂಬುದು ತನ್ನದೇ ನಮೂನೆಯಾದರೆ ಪೂಛಪರಛ ಕಿಟಕಿಯ ಬೆನ್‌ಗೆ ಅದೊಂದನ್ನೇ ತಿದ್ದುವ ಕೀಲಿ ಕೊಡಬಹುದು. ದಿನ ಬದಲಾದದ್ದು ಮೊದಲು ಗೊತ್ತಾಗುವುದೇ ಅವರಿಗೆ. ವೇಳೆಯು ಡಾಕ್ಟರ ಪುಟದೊಳಗೆ ಹೂತಿದ್ದರೆ ಆ ಕೀಲಿ ಕೊಟ್ಟ ಕೂಡಲೇ ಡಾಕ್ಟರ ಪದವಿಯನ್ನೂ ತಿದ್ದುವ ಅಧಿಕಾರ ಕೊಟ್ಟಂತಾಗುತ್ತದೆ. ಆಡಳಿತದವರು ಒಪ್ಪುವುದಿಲ್ಲ, ಕೆಲಸ ಐಟಿ ವಿಭಾಗಕ್ಕೆ ಹೋಗುತ್ತದೆ, ಅಲ್ಲಿ ಮಂಗಳವಾರ ಮಂಗಳವಾರವಾಗಿಯೇ ಉಳಿಯುತ್ತದೆ.

ಡಾಕ್ಟರ ನಮೂನೆಯಿಂದ ಶುರುಮಾಡೋಣ. ಹೆಸರು, ಭಾವಚಿತ್ರ, ಪದವಿ, ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಯಾವ ವಿಭಾಗ. ಇಲ್ಲಿ ‘ವಿಭಾಗ’ ಎಂಬ ಕಾಲಂನಲ್ಲಿ ಅಕ್ಷರ ಟೈಪಿಸಬಾರದು. ವಿಭಾಗದ ನಮೂನೆಗೆ ಕೊಂಡಿ ಹಾಕಬೇಕು. ಡ್ರೂಪಲ್‌ನಲ್ಲಿ ಈ ಕೊಂಡಿಯ ಕಾಲಂ 2015ರ ಎಂಟನೇ ಆವೃತ್ತಿಯಿಂದ ತಾನಾಗಿಯೇ ಬರುತ್ತದೆ. ನಾಳೆ ‘ಮೂತ್ರಪಿಂಡ ವಿಭಾಗ’ದ ಹೆಸರು ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ‘20 ವರ್ಷಗಳ ಅನುಭವ’ ಎಂಬ ಕಾಲಂ ಮಾತ್ರ ಬೇಡ. ಐದು ವರ್ಷ ಕಳೆದರೂ ಅದು 20 ಎಂದೇ ಕೂತಿರುತ್ತದೆ. ವೃತ್ತಿಗೆ ಬಂದ ಇಸವಿ ಬರೆದಿಡಿ, ಕಳೆಯುವ ಲೆಕ್ಕ ಯಂತ್ರಕ್ಕಿರಲಿ.

‘ಆಡುವ ಭಾಷೆಗಳು’ ಎಂಬ ಕಾಲಂ ಬಗ್ಗೆ ನನಗೆ ಸ್ವಲ್ಪ ಹಟ. ವಡೋದರಾದ ಸಯಾಜಿ ಆಸ್ಪತ್ರೆಗೆ ಬರುವವರು ಊರಿನವರಷ್ಟೇ ಅಲ್ಲ. ಛೋಟಾ ಉದೇಪುರ, ದಾಹೋದ್, ಗಡಿಯಾಚೆಯ ಮಧ್ಯಪ್ರದೇಶದ ಅಲಿರಾಜಪುರದಿಂದಲೂ ಬರುತ್ತಾರೆ. ಭೀಲಿ, ರಾಠ್ವಿ ಮನೆಮಾತಿನವರು. ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮಂಥ ಕನ್ನಡ, ತುಳು, ಮರಾಠಿ ಮನೆಗಳೂ ಇವೆ. ಅರವತ್ತು ದಾಟಿದ ಅಮ್ಮ ಊರಿನಿಂದ ಬಂದರೆ ಹಿಂದಿಯಲ್ಲಿ ಎದೆನೋವು ಹೇಳಬಲ್ಲರು, ಎದೆ ‘ಹಿಡಿದಂಗಾಗ್ತದೆ’ ಎನ್ನುವುದನ್ನು ಹೇಳಲಾರರು. ಕನ್ನಡ ಬಲ್ಲ ಡಾಕ್ಟರು ಇದ್ದಾರೋ ಇಲ್ಲವೋ ಎಂಬುದು ಆಸ್ಪತ್ರೆಯ ಕಡತದಲ್ಲಿ ಹೇಗೂ ಇರುತ್ತದೆ. ಹೊರಗೆ ಕಾಣುವುದಿಲ್ಲ ಅಷ್ಟೇ. ಹಾಗೆಯೇ ಹೆಂಗಸರು ಕೇಳುವ ಮೊದಲ ಪ್ರಶ್ನೆ, ಲೇಡಿ ಡಾಕ್ಟರು ಇದ್ದಾರಾ ಎಂಬುದು. ಅದಕ್ಕೂ ಒಂದು ಕಾಲಂ.

ಇನ್ನು ವೇಳೆ. ಅಹಮದಾಬಾದಿನಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಬಂದು ಹೋಗುವ ತಜ್ಞರಿರುತ್ತಾರೆ. ಬೆಳಗ್ಗೆ ಒಂದು ಕಟ್ಟಡದಲ್ಲಿ, ಸಂಜೆ ಇನ್ನೊಂದರಲ್ಲಿ ಕೂರುವವರಿರುತ್ತಾರೆ. ಹೀಗಾಗಿ ಒಬ್ಬ ಡಾಕ್ಟರಿಗೆ ಒಂದೇ ವೇಳೆ ಎಂದು ನಂಬಿ ಡಾಕ್ಟರ ನಮೂನೆಯಲ್ಲೇ ಕಾಲಂ ಇಟ್ಟವರು ಮೂರನೇ ತಿಂಗಳಿಗೆ ‘ವೇಳೆ 2’, ‘ವೇಳೆ 3’ ಎಂದು ಸೇರಿಸುತ್ತ ಹೋಗುತ್ತಾರೆ. ವೇಳೆಯ ನಮೂನೆ ಬೇರೆಯೇ ಇರಲಿ: ಯಾರು, ಯಾವ ವಾರ, ಎಷ್ಟರಿಂದ ಎಷ್ಟು, ಯಾವ ಕಟ್ಟಡ, ಯಾವ ಕೋಣೆ, ಎಂದಿನಿಂದ ಎಂದಿನವರೆಗೆ ಜಾರಿಯಲ್ಲಿ. ಡಾಕ್ಟರ ಪುಟ, ವಿಭಾಗದ ಪುಟ, ಹಾಲ್‌ನಲ್ಲಿ ತೂಗುಹಾಕಿದ ಟಿವಿ ಪರದೆ ಮೂರೂ ಇದೇ ಚೀಟಿಯಿಂದ ಓದಿಕೊಳ್ಳುತ್ತವೆ. ಆಗ ಪಿಡಿಎಫ್ ಹಾಕುವ ಗೋಜೇ ಇಲ್ಲ. ಗುಜರಾತಿ, ಹಿಂದಿ, ಇಂಗ್ಲಿಷ್ ಮೂರು ಭಾಷೆಯ ಜಾಲತಾಣದಲ್ಲಿ ಇದರ ಲಾಭ ಇನ್ನೂ ಹೆಚ್ಚು: ವಿವರಣೆಯ ಕಾಲಂ ಮಾತ್ರ ಅನುವಾದಕ್ಕೆ ತೆರೆದಿಟ್ಟು, ಗಂಟೆ, ಕೋಣೆ ಸಂಖ್ಯೆ, ಫೋನ್ ನಂಬರುಗಳನ್ನು ಮುಚ್ಚಿಡಬಹುದು. ಹಿಂದಿ ಪುಟದಲ್ಲಿ ಹತ್ತು ಗಂಟೆ, ಗುಜರಾತಿಯಲ್ಲಿ ಒಂಬತ್ತು ಎಂಬ ಅವಾಂತರ ಹುಟ್ಟುವುದೇ ಇಲ್ಲ.

ಕಟ್ಟಡಕ್ಕೂ ನಮೂನೆ ಬೇಕೇ? ಒಂದೇ ಕಟ್ಟಡದ ಆಸ್ಪತ್ರೆಗೆ ಬೇಡ. ಅಹಮದಾಬಾದಿನ ಅಸಾರವಾ ಸಿವಿಲ್ ಆವರಣದಂಥ ಕಡೆ ಬೇಕೇ ಬೇಕು. ಅಲ್ಲಿ ಹೃದಯಕ್ಕೆ ಯು. ಎನ್. ಮೆಹ್ತಾ ಸಂಸ್ಥೆ, ಕ್ಯಾನ್ಸರಿಗೆ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಕಿಡ್ನಿಗೆ ಡಾ. ಎಚ್. ಎಲ್. ತ್ರಿವೇದಿಯವರು ಕಟ್ಟಿದ ಸಂಸ್ಥೆ, ಕಣ್ಣಿಗೆ ಮತ್ತೊಂದು. ಎಲ್ಲಕ್ಕೂ ‘ಸಿವಿಲ್’ ಎಂದೇ ಹೆಸರು. ಆಟೋದವನು ಯಾವ ಗೇಟಿಗೆ ಬಿಟ್ಟ ಎಂಬುದರ ಮೇಲೆ ಗಾಲಿಕುರ್ಚಿಯ ಪ್ರಯಾಣ ನಿಂತಿರುತ್ತದೆ.

ಎಲ್ಲದಕ್ಕೂ ನಮೂನೆ ಮಾಡುವುದು ಇನ್ನೊಂದು ಅತಿರೇಕ. ‘ಹೃದಯ’, ‘ಮಕ್ಕಳು’, ‘ತುರ್ತು’ ಎಂಬುವಕ್ಕೆ ತಮ್ಮದೇ ಫೋನು, ಮುಖ್ಯಸ್ಥರು, ವಾರ್ಡು ಇಲ್ಲದಿದ್ದರೆ ಅವು ಬರೀ ಹಣೆಪಟ್ಟಿಗಳು, ಹಣೆಪಟ್ಟಿಯಾಗಿಯೇ ಇರಲಿ. ಕಾರ್ಡಿಯಾಲಜಿ ವಿಭಾಗಕ್ಕೆ ಅವೆಲ್ಲ ಇವೆ, ಅದು ನಮೂನೆ. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ, ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣದ ಹೊಳಹೂ ಇದೇ ಬಗೆಯದು: ಒಂದು ವಸ್ತುವನ್ನು ಒಂದೇ ಕಪಾಟಿಗೆ ನೂಕುವ ಬದಲು ಅದರ ಮುಖಗಳನ್ನು ಬೇರೆ ಬೇರೆ ಗುರುತಿಸುವುದು. ಮಗುವಿನ ಹೃದಯದ ರಂಧ್ರದ ಚಿಕಿತ್ಸೆ ‘ಹೃದಯ’ದ ಕೆಳಗೂ ಸಿಗಬೇಕು, ‘ಮಕ್ಕಳು’ ಎಂದು ಹುಡುಕಿದರೂ ಸಿಗಬೇಕು. ಬರಹ ಒಂದೇ, ಹಣೆಪಟ್ಟಿ ಎರಡು. ಅಧ್ಯಕ್ಷರ ಸಂದೇಶಕ್ಕೆ ಪ್ರತ್ಯೇಕ ನಮೂನೆ ಕೇಳಿದವರನ್ನೂ ನಾನು ಕಂಡಿದ್ದೇನೆ. ಅಧ್ಯಕ್ಷರು ಒಬ್ಬರೇ, ಸಂದೇಶವೂ ಒಂದೇ. ಸಾದಾ ಪುಟ ಧಾರಾಳವಾಯಿತು.

ಚಿಕಿತ್ಸೆ ಮತ್ತು ಕಾಯಿಲೆಯ ಮಾಹಿತಿಗೆ ಬಂದರೆ ‘ಜನ ಕರೆಯುವ ಹೆಸರು’ ಎಂಬ ಕಾಲಂ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಯಾರೂ ಫೋನಿನಲ್ಲಿ ‘ಕ್ಯಾಟರಾಕ್ಟ್ ಫೇಕೋ’ ಎಂದು ಹುಡುಕುವುದಿಲ್ಲ. ಗುಜರಾತಿಯವರು ‘ಮೋತಿಯೋ’ ಎನ್ನುತ್ತಾರೆ, ನಾವು ‘ಪೊರೆ’. ಕಿಡ್ನಿಯ ಕಲ್ಲು ಇಲ್ಲಿ ‘ಪಥರಿ’. ಗ್ಲಾಕೋಮಾ ‘ಝಾಮರ್’. ಪಾರ್ಶ್ವವಾಯುವಿಗೆ ಇಲ್ಲಿ ‘ಲಕವೋ’, ನಮ್ಮ ಹಳ್ಳಿಗಳಲ್ಲೂ ‘ಲಕ್ವ ಹೊಡೀತು’ ಎಂದೇ ಹೇಳುವುದು. ಕಾಯಿಲೆಯ ಹೆಸರೊಂದು ಗಡಿಗಳನ್ನು ದಾಟಿ ಎರಡೂ ಕಡೆ ನಿಂತಿದೆ. ಊರಿನ ಹೆಸರಿಗೂ ಇದೇ ಮಾತು. 1974ರಲ್ಲೇ ವಡೋದರಾ ಆದರೂ ಬಾಯಲ್ಲಿ ಅರ್ಧ ಜನಕ್ಕೆ ಅದಿನ್ನೂ ಬರೋಡಾ. ಈ ಹೆಸರುಗಳನ್ನೆಲ್ಲ ಒಂದು ಕಾಲಂನಲ್ಲಿ ತುಂಬಿಸಿದರೆ ಪುಟದಲ್ಲಿ ಕಾಣದಿದ್ದರೂ ಜಾಲತಾಣದೊಳಗಿನ ಹುಡುಕಾಟಕ್ಕೆ ಸಿಗುತ್ತವೆ.

ಓದಲು ಬಾರದವರ ಮಾತೇನು? ಈ ಪ್ರಶ್ನೆ ವಡೋದರಾಕ್ಕೆ ಹೊಸದಲ್ಲ. ಇಲ್ಲಿನ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ಅಮೆರಿಕದ ಗ್ರಂಥಾಲಯಗಳನ್ನು ಕಂಡು ಬಂದು, 1910ರಲ್ಲಿ ಅಲ್ಲಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿದರು. ಊರಿನಲ್ಲಿ ಸೆಂಟ್ರಲ್ ಲೈಬ್ರರಿ ಎದ್ದಿತು, ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಹೊರಟವು. ಪೆಟ್ಟಿಗೆ ತಲುಪಿದರೂ ಅಕ್ಷರ ತಲುಪದ ಜನರಿಗಾಗಿ ಆ ಇಲಾಖೆಯಲ್ಲೇ ಚಿತ್ರಗಳ ಮೂಲಕ ತಿಳಿಸುವ ಪ್ರತ್ಯೇಕ ಶಾಖೆಯೊಂದನ್ನು ಇಟ್ಟಿದ್ದರು. ಮ್ಯಾಜಿಕ್ ಲ್ಯಾಂಟರ್ನ್, ಸಿನಿಮಾ ಯಂತ್ರ ಅದರ ಸಲಕರಣೆ. ಪುಸ್ತಕದ ಶಾಖೆಗೂ ಚಿತ್ರದ ಶಾಖೆಗೂ ಬೇರೆ ಸಾಮಾನು, ಬೇರೆ ಜನ. ನೂರು ವರ್ಷದ ಹಿಂದಿನ ಆ ವಿಂಗಡಣೆಯನ್ನು ನಾವು ಆಸ್ಪತ್ರೆಯ ಜಾಲತಾಣದಲ್ಲಿ ಮರೆತಿದ್ದೇವೆ. ಎಂಡೋಸ್ಕೋಪಿಗೆ ಮುನ್ನ ಎಷ್ಟು ಗಂಟೆ ಉಪವಾಸ, ಇನ್ಸುಲಿನ್ ಎಲ್ಲಿ ಚುಚ್ಚಿಕೊಳ್ಳಬೇಕು ಎನ್ನುವಂಥವು ಎರಡು ನಿಮಿಷದ ವಿಡಿಯೊ ಅಥವಾ ಧ್ವನಿಯಾಗಿ ಇರಬೇಕು. ಅದಕ್ಕೊಂದು ನಮೂನೆ: ಯಾವ ಪರೀಕ್ಷೆ, ಯಾವ ಭಾಷೆ, ಎಷ್ಟು ನಿಮಿಷ, ಕಿವಿ ಕೇಳಿಸದವರಿಗೆ ಅದರ ಬರಹ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಕೊಂಡಿ. ಈ ಭಾಷೆಯ ಕಾಲಂನಿಂದಲೇ ಸಿಬ್ಬಂದಿಗೆ ತಾನಾಗಿ ಪಟ್ಟಿ ಸಿಗುತ್ತದೆ, ಯಾವ ವಿಡಿಯೊ ಇನ್ನೂ ಭೀಲಿಯಲ್ಲಿ ಆಗಿಲ್ಲ ಎಂದು.

ಕಾಯಿಲೆಯ ಪುಟಕ್ಕೆ ಇನ್ನೂ ಮೂರು ಕಾಲಂ ಕಡ್ಡಾಯ ಮಾಡುತ್ತೇನೆ: ಬರೆದವರು, ಪರಿಶೀಲಿಸಿದ ಡಾಕ್ಟರು, ಮತ್ತೆ ನೋಡಬೇಕಾದ ದಿನಾಂಕ. ತುಂಬದಿದ್ದರೆ ಪುಟ ಪ್ರಕಟವಾಗಲೇಬಾರದು. ಕಾನೂನಿನ ಅಂಜಿಕೆಯೂ ಇರಲಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಣ್ಣಿನ ಪೊರೆ, ಲಕ್ವ ಎಲ್ಲ ಇವೆ. ಇವನ್ನು ಗುಣಪಡಿಸುವ ಔಷಧವೆಂದು ಜಾಹೀರಾತು ಕೊಡುವಂತಿಲ್ಲ. ಭ್ರೂಣಲಿಂಗ ಪತ್ತೆಯ ವಿರುದ್ಧದ 1994ರ ಕಾಯ್ದೆ ಅಂಥ ಪತ್ತೆಯ ಜಾಹೀರಾತನ್ನು ಇಂಟರ್ನೆಟ್ಟಿನಲ್ಲೂ ನಿಷೇಧಿಸುತ್ತದೆ, ಆದ್ದರಿಂದ ಸ್ಕ್ಯಾನಿಂಗ್ ಪುಟದ ಪ್ರತಿ ವಾಕ್ಯವನ್ನೂ ಒಬ್ಬರು ಓದಿಯೇ ಬಿಡಬೇಕು. ‘ಗುಣಮುಖರಾದವರ ಮಾತು’ ಎಂಬ ನಮೂನೆಯನ್ನು ಮಾರುಕಟ್ಟೆ ವಿಭಾಗದವರು ತಪ್ಪದೆ ಕೇಳುತ್ತಾರೆ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳು ರೋಗಿಗಳನ್ನು ಸೆಳೆಯುವ ಪ್ರಚಾರವನ್ನು ಒಪ್ಪುವುದಿಲ್ಲ, ಒಪ್ಪಿಗೆಯಿಲ್ಲದೆ ರೋಗಿಯ ಚಿತ್ರ ಹಾಕುವುದನ್ನೂ. ನಾನು ಆ ನಮೂನೆ ಮಾಡಿಕೊಡುವುದಿಲ್ಲ. ಒಂದೆರಡು ಕೆಲಸ ಕೈತಪ್ಪಿವೆ.

ಸೂಚನೆಗೆ ಬೇರೆ ನಮೂನೆ, ಅದಕ್ಕೆ ಮುಗಿಯುವ ದಿನಾಂಕ. ಗುಜರಾತಿನಲ್ಲಿ ದೀಪಾವಳಿಗೆ ಊರು ಖಾಲಿಯಾದರೆ ಮತ್ತೆ ಬಾಗಿಲು ತೆರೆಯುವುದು ಲಾಭ ಪಾಂಚಮ್‌ಗೆ, ಅಂದರೆ ಕಾರ್ತಿಕ ಶುದ್ಧ ಪಂಚಮಿಗೆ. ಎಷ್ಟೋ ಡಾಕ್ಟರುಗಳಿಗೂ ಅಷ್ಟು ದಿನ ರಜೆ. ಜನವರಿ 14ರ ಉತ್ತರಾಯಣದಲ್ಲಿ ಗಾಳಿಪಟದ ದಾರಕ್ಕೆ ಕತ್ತು ಕೊಯ್ದುಕೊಂಡವರು, ಮಾಳಿಗೆಯಿಂದ ಬಿದ್ದವರು ತುರ್ತು ವಿಭಾಗಕ್ಕೆ ಬರುತ್ತಾರೆ. 2019ರ ಜುಲೈ ಕೊನೆಯಲ್ಲಿ, 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ವಡೋದರಾದೊಳಗೆ ನುಗ್ಗಿದಾಗ ಜನರಿಗೆ ಬೇಕಿದ್ದುದು ಯಾವ ರಸ್ತೆ ತೆರೆದಿದೆ, ಡಯಾಲಿಸಿಸ್ ನಡೆಯುತ್ತಿದೆಯೇ ಎಂಬ ಎರಡು ಸಾಲು. ಅಂಥದ್ದು ಎಲ್ಲ ಪುಟಗಳ ನೆತ್ತಿಯ ಮೇಲೆ ಬರಬೇಕು, ನೀರಿಳಿದ ಮೇಲೆ ತಾನಾಗಿ ಇಳಿಯಬೇಕು. ಹೊತ್ತಿಗೆ ಸರಿಯಾಗಿ ಹಾಕಿ ತೆಗೆಯುವ ಮಾಡ್ಯೂಲ್ ಡ್ರೂಪಲ್‌ಗೆ ಉಚಿತವಾಗಿ ಸಿಗುತ್ತದೆ. ಅದಿಲ್ಲದ ಕಡೆ ಹೋಳಿ ಹಬ್ಬದಲ್ಲೂ ‘ದೀಪಾವಳಿ ರಜೆ’ ಓಡುತ್ತಿರುತ್ತದೆ.

ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರಿ ಯೋಜನೆಗಳ ನಮೂನೆ ಸಣ್ಣದಾದರೂ ಹಣದ ಮಾತಾದ್ದರಿಂದ ಜೋಪಾನ. 2012ರಲ್ಲಿ ಗುಜರಾತಿನ ‘ಮಾ’ ಯೋಜನೆ, 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಗುಜರಾತು 2023ರಲ್ಲಿ ಅದನ್ನು 10 ಲಕ್ಷಕ್ಕೆ ಏರಿಸಿತು. 2024ರಲ್ಲಿ ಕೇಂದ್ರ ತನ್ನ ಯೋಜನೆಯನ್ನು 70 ತುಂಬಿದವರಿಗೆಲ್ಲ ವಿಸ್ತರಿಸಿತು. ಇಷ್ಟು ಬೇಗ ಬದಲಾಗುವ ಸಂಖ್ಯೆಯನ್ನು ಪ್ರತಿ ಚಿಕಿತ್ಸೆಯ ಪುಟದಲ್ಲೂ ಬರೆದರೆ ತಿದ್ದಿ ಮುಗಿಯುವುದಿಲ್ಲ. ಯೋಜನೆಯ ಚೀಟಿ ಒಂದು, ಅದರಲ್ಲಿ ಮೊತ್ತ, ಬೇಕಾದ ಕಾಗದ, ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರ ಕೂರುವ ಕೌಂಟರು. ಚಿಕಿತ್ಸೆಯ ಪುಟ ಅದರತ್ತ ಕೊಂಡಿ ಹಾಕಲಿ. ದರಪಟ್ಟಿಯೂ ಹೀಗೆಯೇ, ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಬಾರದು; ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳಲಾರದು.

ಒಂದು ಜಾಗದಲ್ಲಿ ಮಾತ್ರ ನಮೂನೆಯೇ ತಪ್ಪು. ಅಪಾಯಿಂಟ್‌ಮೆಂಟ್ ಕೋರಿಕೆ, ರೋಗಿಯ ವರದಿ, ದೂರು ಇವಕ್ಕೆ ಕಂಟೆಂಟ್ ಟೈಪ್ ಮಾಡಬಾರದು. ನಮೂನೆ ಇರುವುದೇ ಪ್ರಕಟಿಸಲಿಕ್ಕೆ. ಅನುಮತಿಯ ಒಂದು ಗುಂಡಿ ತಪ್ಪಿದರೆ ಯಾರದೋ ಎಚ್‌ಐವಿ ವರದಿ ಗೂಗಲ್‌ನಲ್ಲಿ ಸಿಗುತ್ತದೆ. ಅವು ಆಸ್ಪತ್ರೆಯ ಒಳಗಿನ ವ್ಯವಸ್ಥೆಗೆ ಸೇರಿದವು, ಜಾಲತಾಣದಿಂದ ಆ ಕಡೆಗೆ ದಾಟಿಸಿ ಇಲ್ಲಿ ಅಳಿಸಿಬಿಡಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ.

ಕೆಲಸ ಶುರುಮಾಡುವಾಗ ನಾನು ಕಂಪ್ಯೂಟರು ತೆರೆಯುವುದಿಲ್ಲ. ಎರಡು ದಿನ ಪೂಛಪರಛ ಕಿಟಕಿಯ ಪಕ್ಕ ನೋಟ್‌ಬುಕ್ ಹಿಡಿದು ಕೂರುತ್ತೇನೆ, ಕೇಳಿದ ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಆಮೇಲೆ ಡಾಕ್ಟರು, ವಿಭಾಗ, ವೇಳೆ ಎಂಬ ಮೂರೇ ನಮೂನೆ ಕಟ್ಟಿ, ಐದು ಡಾಕ್ಟರ ವಿವರ ತುಂಬಲು ಕಿಟಕಿಯವರಿಗೇ ಕೊಡುತ್ತೇನೆ. ಒಂದು ವಾರ ಬಿಟ್ಟು ನೋಡಿದರೆ ಕೆಲವು ಕಾಲಂ ಐವರಿಗೂ ಖಾಲಿ ಉಳಿದಿರುತ್ತವೆ: ‘ಪ್ರಶಸ್ತಿಗಳು’, ‘ಹವ್ಯಾಸ’. ಅವನ್ನು ಕಿತ್ತುಹಾಕುತ್ತೇನೆ. ಇನ್ನು ಕೆಲವು ಸಂಗತಿಗಳನ್ನು ಜಾಗವಿಲ್ಲದೆ ಎಲ್ಲೆಲ್ಲೋ ತುರುಕಿರುತ್ತಾರೆ; ಒಮ್ಮೆ ಕೋಣೆ ಸಂಖ್ಯೆಯ ಕಾಲಂನಲ್ಲಿ ‘12, ಲಿಫ್ಟ್ ಕೆಟ್ಟಿದೆ, ಹಿಂದಿನ ರ‍್ಯಾಂಪಿನಿಂದ ಬನ್ನಿ’ ಎಂದು ಬರೆದಿತ್ತು. ‘ತಲುಪುವ ದಾರಿ’ ಎಂಬ ಕಾಲಂ ಅಂದು ಹುಟ್ಟಿತು.